ಕಿವಿಮಾತು: ಗೇಮ್ ಸಂಗೀತಕ್ಕೆ ಮಾರ್ಕ್ಸ್ ಹಾಕುವುದು ಹೇಗೆ?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ಕ್ರೋನೋ ಟ್ರಿಗರ್’ ಎಂಬ ಹಳೇ ಜಪಾನಿ ರೋಲ್ ಪ್ಲೇಯಿಂಗ್ (ಕಥೆಯ ಪಾತ್ರವಾಗಿ ಆಡುವ) ಗೇಮ್‌ನ ಸಂಗೀತದ ಬಗ್ಗೆ ವಿಮರ್ಶೆ ಬರೆಯಬೇಕು. ಆಟ ಇನ್ನೂ ಆಡಿಲ್ಲ. ಟ್ರ್ಯಾಕ್‌ಗಳನ್ನೆಲ್ಲ ಯೂಟ್ಯೂಬಿನಲ್ಲಿ ಕೇಳಿದ್ದೇನೆ. ‘ಸೂಪರ್ ಆಗಿದೆ’ ಅನ್ನುವುದು ಬಿಟ್ಟರೆ ಬೇರೇನೂ ತೋಚುತ್ತಿಲ್ಲ. ಟ್ಯೂನ್, ವಾದ್ಯ, ಸೌಂಡ್ ಕ್ವಾಲಿಟಿ, ಮೂಡ್ ಅಂತ ನಾಲ್ಕು ಭಾಗ ಮಾಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟರೆ ಸರಿಯೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಂಕದ ಮಾತು ಆಮೇಲೆ. ಮೊದಲು ಆಟ ಆಡಪ್ಪ. ಕ್ರೋನೋ ಟ್ರಿಗರ್ 1995ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ನಿಂಟೆಂಡೊ ಕಂಪನಿಯ ಗೇಮ್ ಯಂತ್ರಕ್ಕೆ ಬಂದದ್ದು ನಿಜ, ಆದರೆ ಈಗ ಫೋನಿನಲ್ಲೂ ಸಿಗುತ್ತದೆ, ಕಂಪ್ಯೂಟರಿನಲ್ಲೂ ಸಿಗುತ್ತದೆ. ಬರೀ ಯೂಟ್ಯೂಬಿನಲ್ಲಿ ಕೇಳಿ ಬರೆದರೆ ಒಂದು ಆಲ್ಬಮ್ಮಿನ ಬಗ್ಗೆ ಬರೆದ ಹಾಗಾಗುತ್ತದೆ. ಅದೂ ಬರಹವೇ, ಬೇಡ ಅನ್ನುವುದಿಲ್ಲ. ಆದರೆ ನೀನು ಬರೆಯಲು ಹೊರಟಿರುವುದು ಅದಲ್ಲವಲ್ಲ.

ಒಂದು ಜಾಗ ಹೇಳುತ್ತೇನೆ, ಅಲ್ಲಿಯ ತನಕವಾದರೂ ಆಡು. ಕ್ರೋನೋ ಮತ್ತು ಅವನ ಗೆಳೆಯರು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ ಇದು. ಹಾಗೆ ಓಡಾಡುತ್ತಾ ಒಮ್ಮೆ ಕ್ರಿ.ಪೂ. 12000ಕ್ಕೆ ಬಂದು ಬೀಳುತ್ತಾರೆ. ಹಿಮಯುಗ. ಎತ್ತ ನೋಡಿದರೂ ಬಿಳಿ. ಸಂಗೀತವೇ ಇಲ್ಲ, ಬೀಸುವ ಗಾಳಿಯ ಸದ್ದು ಮಾತ್ರ. ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ. ಆ ಹಿಮದಲ್ಲಿ ನಡೆದು ಒಂದು ಕಟ್ಟಡ ಹೊಕ್ಕರೆ ಅದು ನಿನ್ನನ್ನು ಮೋಡದ ಮೇಲಕ್ಕೆ ಎತ್ತಿಬಿಡುತ್ತದೆ. ಅಲ್ಲಿ ತೇಲುವ ನೆಲ, ಹಸಿರು, ‘ಜೀಲ್’ ಎಂಬ ಮಂತ್ರಶಕ್ತಿಯವರ ರಾಜ್ಯ. ‘ಕಾರಿಡಾರ್ಸ್ ಆಫ್ ಟೈಮ್’ ಎಂಬ ಟ್ರ್ಯಾಕ್ ಶುರುವಾಗುವುದು ಅಲ್ಲಿ. ನೀನು ಯೂಟ್ಯೂಬಿನಲ್ಲಿ ಅದನ್ನು ಕೇಳಿರುತ್ತೀಯ, ಎಲ್ಲರೂ ಕೇಳಿರುತ್ತಾರೆ. ಆದರೆ ಅದಕ್ಕೆ ಮುಂಚಿನ ಗಾಳಿಯನ್ನು ನೀನು ಕೇಳಿಲ್ಲ. ಕೆಳಗೆ, ಆ ಚಳಿಯಲ್ಲಿ, ಮಂತ್ರಶಕ್ತಿ ಇಲ್ಲದ ಜನ ಗುಹೆಗಳಲ್ಲಿ ಬದುಕುತ್ತಿದ್ದಾರೆ. ಮೋಡದ ಮೇಲಿನವರಿಗೆ ಸಂಗೀತ, ಕೆಳಗಿನ ಬಯಲಿಗೆ ಗಾಳಿ. ಯಾವ ಪಾತ್ರವೂ ಬಾಯಿಬಿಟ್ಟು ಹೇಳುವ ಮೊದಲೇ ಆ ಕಾಲದ ಅನ್ಯಾಯ ನಿನ್ನ ಕಿವಿಗೆ ಗೊತ್ತಾಗಿರುತ್ತದೆ. ಇದನ್ನು ‘ಮೂಡ್: 9/10’ ಅಂತ ಬರೆದರೆ ಏನು ಹೇಳಿದ ಹಾಗಾಯಿತು?

ನಾನು ಮೊದಲು ನೋಡುವುದು ಇದನ್ನೇ. ಟ್ರ್ಯಾಕ್ ಎಲ್ಲಿ ಶುರುವಾಯಿತು, ಅದಕ್ಕೆ ಮುಂಚೆ ಏನಿತ್ತು, ಅದು ನಿಂತಾಗ ಏನು ಉಳಿಯಿತು.

ಆಮೇಲೆ ಲೂಪ್, ಅಂದರೆ ಮುಗಿದ ಟ್ರ್ಯಾಕ್ ಮತ್ತೆ ಮೊದಲಿನಿಂದ ಸುತ್ತುವುದು. ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಬೆಳೆದವನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಊರ ಜಾತ್ರೆ. ಮುಖ್ಯ ಅತಿಥಿಗಳ ಕಾರು ತಡವಾದರೆ ಸಂಘದವರು ವೇದಿಕೆಯ ಪಕ್ಕ ನಿಂತು ಇನ್ನೂ ಎಳೀರಿ ಅಂತ ಕೈಸನ್ನೆ ಮಾಡುತ್ತಾರೆ. ಆಗ ಇಂಟ್ರೋದ ಅದೇ ಎಂಟು ಬಾರಿನ ಚಿಕ್ಕ ತುಣುಕನ್ನು ಸುತ್ತಿ ಸುತ್ತಿ ನುಡಿಸಬೇಕು. ಮೂರನೇ ಸುತ್ತಿನ ತನಕ ಯಾರಿಗೂ ಏನೂ ಅನ್ನಿಸುವುದಿಲ್ಲ. ಆಮೇಲೆ ಮುಂದಿನ ಸಾಲಿನ ಮಕ್ಕಳು ನಮ್ಮ ಮುಖ ನೋಡಲು ಶುರು ಮಾಡುತ್ತವೆ. ಯಾಕೆಂದರೆ ಕೊನೆ ಬಂದು ಮೊದಲಿಗೆ ಕೂಡುವ ಜಾಗ, ಆ ಜೋಡಣೆ, ಅವಕ್ಕೆ ಕೇಳಿಸಿಬಿಟ್ಟಿರುತ್ತದೆ.

ರೋಲ್ ಪ್ಲೇಯಿಂಗ್ ಗೇಮ್‌ನ ಸಂಗೀತಕ್ಕೆ ಬದುಕಿಡೀ ಇದೇ ಕೆಲಸ. ಆಡುವವನು ಊರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೋ ಗೊತ್ತಿಲ್ಲ. ಅಂಗಡಿಯಲ್ಲಿ ಕತ್ತಿ ಕೊಳ್ಳಬೇಕೋ ಬೇಡವೋ ಅಂತ ಹತ್ತು ನಿಮಿಷ ಯೋಚಿಸಬಹುದು, ಊಟಕ್ಕೆ ಎದ್ದು ಹೋಗಬಹುದು. ಟ್ರ್ಯಾಕ್ ಸುತ್ತುತ್ತಲೇ ಇರಬೇಕು, ರೇಜಿಗೆ ಹಿಡಿಸಬಾರದು. ಈ ಆಟದ ಕ್ರಿ.ಶ. 600ರ ಭೂಪಟದಲ್ಲಿ ಬರುವ ಟ್ರ್ಯಾಕನ್ನು ತಗೋ. ಇಂಗ್ಲಿಷಿನಲ್ಲಿ ‘ವಿಂಡ್ ಸೀನ್’ ಅನ್ನುತ್ತಾರೆ. ಕಣ್ಣು ಮುಚ್ಚಿ ಕೂತು ಅದು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಅಂತ ಹಿಡಿ. ಹಿಡಿಯಬಹುದು, ಆದರೆ ಗಮನ ಕೊಟ್ಟು ಕೇಳಿದರೆ ಮಾತ್ರ. ಸುಮ್ನೆ ನಡೆದುಕೊಂಡು ಹೋಗುವವನಿಗೆ ಗೊತ್ತಾಗುವುದಿಲ್ಲ. ಅದೇ ಆಟದ ಆರೂವರೆ ಕೋಟಿ ವರ್ಷ ಹಿಂದಿನ ಯುಗಕ್ಕೆ ಹೋಗು. ಡೈನೊಸಾರ್‌ಗಳ ಕಾಲ, ಬರೀ ಡೋಲಿನ ಅಬ್ಬರ. ನನಗಂತೂ ಬೇಗ ಸಾಕಾಗುತ್ತದೆ. ಕಾಡುಜನ ಅಂದರೆ ಡೋಲು ಅನ್ನುವ ಹಳೇ ಅಭ್ಯಾಸ ಬೇರೆ. ಇಷ್ಟವಾದ ಆಟದಲ್ಲೂ ಬೇಸರ ತರಿಸುವ ಟ್ರ್ಯಾಕ್ ಇರುತ್ತದೆ, ಅದನ್ನು ಬರೆ. ಎಲ್ಲವನ್ನೂ ಹೊಗಳಿದ ವಿಮರ್ಶೆಯನ್ನು ಯಾರೂ ನಂಬುವುದಿಲ್ಲ.

ಜಗಳದ ಸಂಗೀತದ ಲೆಕ್ಕವೇ ಬೇರೆ. ಹಳೇ ಆಟಗಳಲ್ಲಿ ಪ್ರತಿ ಸಲ ಶತ್ರು ಎದುರಾದಾಗಲೂ ಬ್ಯಾಟಲ್ ಟ್ರ್ಯಾಕ್ ಮೊದಲಿನಿಂದ ಶುರುವಾಗುತ್ತದೆ. ಸಣ್ಣಪುಟ್ಟ ಜಗಳ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅಂದರೆ ಆ ಟ್ರ್ಯಾಕಿನ ಮೊದಲ ಕೆಲವು ಸೆಕೆಂಡುಗಳನ್ನು ನೂರಾರು ಸಲ ಕೇಳುತ್ತೀಯ, ಕೊನೆಯ ಭಾಗವನ್ನು ಅಪರೂಪಕ್ಕೆ. ಸಂಗೀತ ಕಟ್ಟುವವರು ಬುದ್ಧಿಯೆಲ್ಲ ಖರ್ಚು ಮಾಡಬೇಕಾದದ್ದು ಆ ಮೊದಲ ಸಾಲಿಗೆ. ‘ಫೈನಲ್ ಫ್ಯಾಂಟಸಿ’ ಸರಣಿಯ ಮೊದಮೊದಲ ಆಟಗಳಲ್ಲಿ ಸಂಗೀತಗಾರ ನೊಬುವೊ ಉಎಮಾಟ್ಸು ಜಗಳಕ್ಕೆ ಬಳಸಿದ ಆರಂಭದ ಬೇಸ್ (ತಗ್ಗಿನ ಸ್ವರಗಳ) ಸಾಲನ್ನು ಕೇಳು. ಒಂದು ಕ್ಷಣ ಸಾಕು, ಕೈ ತಾನಾಗಿ ಬಟನ್ ಮೇಲೆ ಹೋಗುತ್ತದೆ. ಯೂಟ್ಯೂಬಿನಲ್ಲಿ ಕೇಳುವವನು ಇದನ್ನು ಗಮನಿಸುವುದೇ ಇಲ್ಲ, ಅವನಿಗೆ ಟ್ರ್ಯಾಕ್ ಮೊದಲಿಂದ ಕೊನೆಯ ತನಕ ಒಂದೇ ಸಮ.

ಇನ್ನು ಪಾತ್ರಗಳ ಥೀಮ್. ಕಪ್ಪೆಯ ರೂಪದ ವೀರ ‘ಫ್ರಾಗ್’ ಬರುತ್ತಾನಲ್ಲ, ಅವನ ನಿಜವಾದ ಹೆಸರು ಗ್ಲೆನ್. ಗೆಳೆಯ ಕಣ್ಣೆದುರೇ ಸತ್ತಿದ್ದಾನೆ, ತಾನು ಶಾಪ ತಿಂದಿದ್ದಾನೆ, ತನ್ನಿಂದ ಏನೂ ಆಗುವುದಿಲ್ಲ ಅಂತ ಕತ್ತಿ ಮುಟ್ಟದೆ ಕೂತಿರುತ್ತಾನೆ. ಕೊನೆಗೊಮ್ಮೆ ಮಸಾಮುನೆ ಎಂಬ ಕತ್ತಿ ಹಿಡಿದು ಬೆಟ್ಟವನ್ನೇ ಸೀಳುತ್ತಾನೆ. ಅವನ ಮಾರ್ಚ್ ಅಲ್ಲಿ ಮೊಳಗುತ್ತದೆ. ಇದೇ ಟ್ಯೂನನ್ನು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳ ಮೆರವಣಿಗೆಗೆ ನುಡಿಸಿದರು. ಆಟ ಆಡದವರಿಗೆ ಅದೊಂದು ಒಳ್ಳೆಯ ಮಾರ್ಚ್, ಅಷ್ಟೆ. ಆಡಿದವರಿಗೆ ಬೆಟ್ಟ ಸೀಳಿತು. ವಿಮರ್ಶೆ ಬರೆಯುವಾಗ ಈ ಎರಡೂ ಕಿವಿ ಬೇಕು. ಮಾರ್ಚ್ ಆಗಿ ಅದು ಚೆನ್ನಾಗಿದೆಯೇ, ಫ್ರಾಗ್‌ನ ಮಾರ್ಚ್ ಆಗಿ ಚೆನ್ನಾಗಿದೆಯೇ. ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೂ ತಪ್ಪಿಲ್ಲ.

ಮರೆಯಬೇಡ, ಎಲ್ಲಾ ಟ್ರ್ಯಾಕ್‌ಗಳೂ ಒಬ್ಬರದ್ದಲ್ಲ. ಜಾಸ್ತಿ ಪಾಲು ಯಸುನೊರಿ ಮಿತ್ಸುದಾ ಅವರದ್ದು. ಅವರು ಈ ಆಟ ಮಾಡಿದ ಸ್ಕ್ವೇರ್ ಕಂಪನಿಯಲ್ಲಿ ಕತ್ತಿಯ ಸದ್ದು, ಬಾಗಿಲ ಸದ್ದು ಮಾಡುವ ಕೆಲಸಕ್ಕೆ ಸೇರಿದ್ದವರು. ಸಂಗೀತ ಕಟ್ಟಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಅಂದ ಮೇಲೆ ಕಂಪನಿಯ ಹಿರಿಯ ಹಿರೋನೊಬು ಸಕಗುಚಿ ಈ ಆಟ ಒಪ್ಪಿಸಿದರು. ಹಗಲು ರಾತ್ರಿ ದುಡಿದು ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದರು. ನಡುವೆ ಹಾರ್ಡ್ ಡ್ರೈವ್ ಕೈಕೊಟ್ಟು ಅರೆಬರೆ ಮಾಡಿಟ್ಟಿದ್ದ ಸುಮಾರು ನಲವತ್ತು ಟ್ರ್ಯಾಕ್ ಹೋದವು. ಉಳಿದದ್ದನ್ನು ಮುಗಿಸಲು ಉಎಮಾಟ್ಸು ಕೈಜೋಡಿಸಿದರು, ನೊರಿಕೊ ಮತ್ಸುಎದಾ ಒಂದು ಬಾಸ್ ಫೈಟ್ (ದೊಡ್ಡ ಶತ್ರುವಿನ ಜೊತೆಗಿನ ಜಗಳದ) ಟ್ರ್ಯಾಕ್ ಕೊಟ್ಟರು. ಯಾರದ್ದು ಯಾವುದು ಅಂತ ನೋಡಿಕೊಂಡು ಬರೆ. ಮಿತ್ಸುದಾ ಅವರ ಖಾತೆಗೆ ಉಎಮಾಟ್ಸು ಅವರ ಟ್ರ್ಯಾಕ್ ಸೇರಿಸಿದರೆ ಬಲ್ಲವರು ನಗುತ್ತಾರೆ.

ಅಂಕ ಕೊಡಲೇಬೇಕು ಅಂತ ಸಂಪಾದಕರು ಪಟ್ಟು ಹಿಡಿದರೆ ಇಡೀ ಆಟಕ್ಕೆ ಕೊಡಬೇಡ. ಮೂರು ಜಾಗ ಆರಿಸಿಕೊಂಡು ಅವಕ್ಕೆ ಕೊಡು. ಅದರಲ್ಲಿ ಒಂದಾದರೂ ನಿನಗೆ ಹಿಡಿಸದ್ದಾಗಿರಲಿ.

ಪ್ರಶ್ನೆ: ಹಳೇ ಗೇಮ್‌ಗಳ ಟುಂಯ್ ಟುಂಯ್ ಸದ್ದನ್ನು ನಮ್ಮ ವಯಸ್ಸಿನವರು ಹೊಗಳುವುದು ಬರೀ ಬಾಲ್ಯದ ಮೋಹ ಅಂತ ನನ್ನ ತಮ್ಮ ವಾದಿಸುತ್ತಾನೆ. ಈಗ ನಿಜವಾದ ಆರ್ಕೆಸ್ಟ್ರಾ, ನಿಜವಾದ ಗಾಯಕರು ಇರುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ತಮ್ಮ ಅರ್ಧ ಸರಿ. ಬಾಲ್ಯದ ಮೋಹ ಇದ್ದೇ ಇರುತ್ತದೆ. ಆದರೆ ಅವರಿಗೆ ಸೂಪರ್ ಫ್ಯಾಮಿಕಾಮ್ ಒಳಗೆ ಏನಿತ್ತು ಅಂತ ಹೇಳಿ.

ಅದರ ಸೌಂಡ್ ಚಿಪ್ ಸೋನಿಯದ್ದು, ರೂಪಿಸಿದವರು ಕೆನ್ ಕುತರಗಿ. ಮುಂದೆ ಪ್ಲೇಸ್ಟೇಷನ್ ಹುಟ್ಟುಹಾಕಿದವರೂ ಅವರೇ. ಒಂದು ಸಲಕ್ಕೆ ಎಂಟು ದನಿ ಮಾತ್ರ. ಸಂಗೀತಕ್ಕೆ ಸಿಗುವ ಮೆಮೊರಿ ಒಟ್ಟು 64 ಕೆಬಿ. ನೀವು ಫೋನಿನಲ್ಲಿ ತೆಗೆಯುವ ಒಂದು ಫೋಟೊ ಇದರ ಎಷ್ಟೋ ಪಟ್ಟು ಇರುತ್ತದೆ. ಅಷ್ಟರಲ್ಲೇ ಪಿಟೀಲು, ಕೊಳಲು, ಡ್ರಮ್ಮಿನ ತುಣುಕುಗಳು ಹಿಡಿಯಬೇಕು, ಯಾವ ಸ್ವರ ಯಾವಾಗ ಅನ್ನುವ ಪಟ್ಟಿ ಹಿಡಿಯಬೇಕು, ಅದನ್ನು ನಡೆಸುವ ಪ್ರೋಗ್ರಾಂ ಹಿಡಿಯಬೇಕು. ಗುಹೆಯ ಹಾಗೆ ಕೇಳಿಸಲು ಎಕೋ ಬೇಕೆಂದರೆ ಅದಕ್ಕೂ ಇದೇ ಮೆಮೊರಿ. ಪ್ರತಿ 16 ಮಿಲಿಸೆಕೆಂಡ್ ಎಕೋಗೆ 2 ಕೆಬಿ. ಎಕೋ ಪೂರ್ತಿ ಎಳೆದರೆ 240 ಮಿಲಿಸೆಕೆಂಡ್, 30 ಕೆಬಿ ಅಲ್ಲಿಗೇ ಹೋಯಿತು. ಆಗ ಪಿಟೀಲಿನ ತುಣುಕು ಕತ್ತರಿಸಬೇಕು, ಇಲ್ಲವೇ ಡ್ರಮ್ಮನ್ನು. ಇದರ ಮೇಲೆ ಕತ್ತಿ ಬೀಸಿದ ಸದ್ದು, ಸಿಡಿಲಿನ ಸದ್ದಿಗೂ ಅದೇ ಎಂಟು ದನಿಗಳಲ್ಲಿ ಒಂದನ್ನು ಬಿಟ್ಟುಕೊಡಬೇಕು. ಜಗಳದ ನಡುವೆ ಹಾರ್ಮನಿಯ ಒಂದು ಎಳೆ ಮಾಯವಾಗಿ ಮತ್ತೆ ಬರುವುದನ್ನು ಹೆಡ್‌ಫೋನ್ ಹಾಕಿದರೆ ಕೇಳಬಹುದು. ಯಾವ ಎಳೆ ಹೋದರೂ ಟ್ಯೂನ್ ನಿಲ್ಲಬೇಕು ಅಂತ ಯೋಚಿಸಿಯೇ ಕಟ್ಟಬೇಕಿತ್ತು.

1994ರ ‘ಫೈನಲ್ ಫ್ಯಾಂಟಸಿ 6’ ಈ ಯಂತ್ರದಲ್ಲೇ ಒಂದು ಆಪೆರಾ ಮಾಡಿತು. ಸೆಲೆಸ್ ಎಂಬ ಸೇನಾಧಿಕಾರಿಣಿ ಗಾಯಕಿಯ ವೇಷ ಹಾಕಿ ವೇದಿಕೆ ಹತ್ತುತ್ತಾಳೆ. ಆದರೆ ಈ ಆಟದಲ್ಲಿ ಮನುಷ್ಯರು ಹಾಡಿದ ಹಾಡಿಲ್ಲ. ಕೇಳಿಸುವುದು ದನಿಯ ಹಾಗಿರುವ ಒಂದು ಟೋನ್, ಸಾಹಿತ್ಯ ಪರದೆಯ ಮೇಲೆ. ಮುಂದಿನ ಸಾಲು ಯಾವುದು ಅಂತ ಆಡುವವರೇ ನೆನಪಿಟ್ಟು ಆರಿಸಬೇಕು, ತಪ್ಪಿದರೆ ಪ್ರದರ್ಶನ ಕೆಡುತ್ತದೆ. ಹಾಡು ಬಾಯಿಪಾಠ ಮಾಡಿಕೊಂಡವರಿಗೆ ಅದು ತಮ್ಮದೇ ಹಾಡು ಅನ್ನಿಸದೆ ಇರುತ್ತದೆಯೇ? ನಿಜವಾದ ಗಾಯಕಿ ಇದ್ದಿದ್ದರೆ ನಾವು ಕೈಕಟ್ಟಿ ಕೇಳುತ್ತಿದ್ದೆವು, ಅಷ್ಟೆ. ಆ ಟೋನ್ ನಿಮ್ಮ ತಮ್ಮನಿಗೆ ಟುಂಯ್ ಅಂತಲೇ ಕೇಳಿಸಬಹುದು. ಕೇಳಿಸಲಿ, ಆಟ ಆಡಿಸಿ.

ಹಾಗಂತ ಹೊಸದೆಲ್ಲ ಸಪ್ಪೆ ಅಂತ ನಾನು ಒಪ್ಪುವುದಿಲ್ಲ. 2017ರ ‘ನಿಯರ್: ಆಟೊಮೇಟಾ’ ನೋಡಿ. ಕೆಯಿಚಿ ಒಕಬೆ ಮತ್ತು ಅವರ ತಂಡದ ಸಂಗೀತ. ಒಂದೇ ಟ್ರ್ಯಾಕನ್ನು ಹಲವು ಪದರಗಳಲ್ಲಿ ಮಾಡಿಟ್ಟಿದ್ದಾರೆ. ಸುಮ್ನೆ ನಡೆಯುವಾಗ ಮೆಲ್ಲಗಿನದು, ಜಗಳ ಬಂದಾಗ ಅದೇ ಟ್ರ್ಯಾಕಿನ ಮೇಲೆ ತಾಳ ಏರುತ್ತದೆ, ಬೇಕಾದ ಕಡೆ ಹಾಡುವ ದನಿ ಸೇರುತ್ತದೆ. ಶತ್ರುವಿನ ಮೆದುಳಿಗೆ ಹ್ಯಾಕ್ ಮಾಡಿ ನುಗ್ಗಿದರೆ ಅದೇ ಟ್ಯೂನ್ ಹಳೇ 8 ಬಿಟ್ ಯಂತ್ರದ ಸದ್ದಿಗೆ ಇಳಿಯುತ್ತದೆ. ಎಲ್ಲಿಯೂ ಕತ್ತರಿಸಿದ ಗುರುತಿಲ್ಲ. ನಮ್ಮ ಸೂಪರ್ ಫ್ಯಾಮಿಕಾಮ್‌ನವರು ಇದನ್ನು ಇಷ್ಟು ದೊಡ್ಡ ಮಟ್ಟದಲ್ಲಿ ಕನಸಿನಲ್ಲೂ ಮಾಡುವಂತಿರಲಿಲ್ಲ. ಆ ಆಟದ ಕಟ್ಟಕಡೆಯಲ್ಲಿ ಒಂಟಿ ದನಿಯ ಹಾಡಿಗೆ ಕೋರಸ್ ಬಂದು ಸೇರುವ ಜಾಗ ಒಂದಿದೆ. ಆಟ ಮಾಡಿದ ಸಿಬ್ಬಂದಿಯೇ ಆ ಕೋರಸ್ ಹಾಡಿದ್ದಾರೆ. ಯಾಕೆ ಸೇರುತ್ತದೆ ಅಂತ ಹೇಳಿದರೆ ಆಡದವರು ನನ್ನನ್ನು ಬೈಯುತ್ತೀರಿ, ಬಿಡುತ್ತೇನೆ.

ತಕ್ಕಡಿ ಒಂದೇ ಇರಲಿ ಅನ್ನುವವನು ನಾನು. ಕೇಳಬೇಕಾದದ್ದು ಪಿಟೀಲು ನಿಜವೋ ಸುಳ್ಳೋ ಅಂತಲ್ಲ. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ನಾಯಕನ ತಂಡದ ಏರಿತ್ ಎಂಬ ಹುಡುಗಿ ಸಾಯುತ್ತಾಳೆ. ಇದು ಈಗ ಯಾರಿಗೂ ಗುಟ್ಟಲ್ಲ. ಅವಳ ಥೀಮ್ ಶುರುವಾಗುತ್ತದೆ. ಆಮೇಲೆ ಅಲ್ಲೇ ದೊಡ್ಡ ಜಗಳ. ಬಾಸ್ ಫೈಟಿನ ಅಬ್ಬರ ಬರಬೇಕಾದ ಜಾಗದಲ್ಲಿ ಅವಳ ಥೀಮೇ ಮುಂದುವರಿಯುತ್ತದೆ. ಕೈ ಜಗಳ ಆಡುತ್ತಿದೆ, ಕಿವಿ ಅಳುತ್ತಿದೆ. ಹೊಸ ಟ್ರ್ಯಾಕ್ ಬೇಕಾಗಲಿಲ್ಲ, ದುಬಾರಿ ವಾದ್ಯ ಬೇಕಾಗಲಿಲ್ಲ. ಹಾಕಬೇಕಾದ ಟ್ರ್ಯಾಕನ್ನು ಹಾಕದೆ ಬಿಟ್ಟರು, ಅಷ್ಟೇ. ಆ ತೀರ್ಮಾನಕ್ಕೆ ನಾನು ಅಂಕ ಕೊಡುತ್ತೇನೆ. ಅದು ಆಲ್ಬಮ್ಮಿನಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು. ‘ಗುನುಗಲು ಬರುತ್ತದೆಯೇ’ ಅನ್ನುವ ಪರೀಕ್ಷೆಯನ್ನು ಎಲ್ಲಾ ಕಡೆ ಹಚ್ಚಬೇಡಿ. 2011ರ ‘ಸ್ಕೈರಿಮ್’ನಲ್ಲಿ ಜೆರೆಮಿ ಸೋಲ್ ಅವರ ಸಂಗೀತ ಬೆಟ್ಟ ಸುತ್ತುವಾಗ ಬರುತ್ತದೆ, ಹೋಗುತ್ತದೆ, ನಡುವೆ ಬರೀ ಹಕ್ಕಿ, ನೀರು, ಕಾಲಸಪ್ಪಳ. ಗುನುಗಲು ಹೆಚ್ಚೇನೂ ಸಿಗುವುದಿಲ್ಲ. ಆದರೆ ಅದು ಸರಿಯಾಗಿಯೇ ಇದೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಪಿಟೀಲು ಕಲಿಯುತ್ತಿರುವ ನನ್ನ ಮಗ ಹೊತ್ತು ಸಿಕ್ಕಾಗಲೆಲ್ಲ ಆ ಜೀಲ್ ಎಂಬ ರಾಜ್ಯದ ಟ್ಯೂನನ್ನೇ ಬಾರಿಸುತ್ತಾನೆ. ಅದರಲ್ಲಿ ಸಿತಾರಿನ ದನಿ ಇದೆ. ಅದು ಯಾವ ರಾಗ? ಇದರಿಂದ ಅವನ ಪಾಠ ಕೆಡುತ್ತದೆಯೇ?
– ಸಂಗೀತ ಶಿಕ್ಷಕಿ, ಶಿರಸಿ

ಉತ್ತರ: ರಾಗ ಹುಡುಕಲು ಹೋಗಬೇಡಿ ಮೇಡಂ, ಸಿಗುವುದಿಲ್ಲ. ಸಿತಾರ್ ಕೇಳಿದ ಕೂಡಲೇ ನಮ್ಮ ಕಿವಿ ಷಡ್ಜ ಹುಡುಕುತ್ತದೆ. ಆದರೆ ಅಲ್ಲಿ ಸಿತಾರ್ ಒಂದು ಬಣ್ಣ ಮಾತ್ರ. ನಮ್ಮಲ್ಲಿ ಶ್ರುತಿ ಇಟ್ಟ ಮೇಲೆ ಕಚೇರಿ ಮುಗಿಯುವ ತನಕ ಆ ಸಾ ಕದಲುವುದಿಲ್ಲ. ಅಲ್ಲಿ ಕೆಳಗಿನ ಬೇಸ್ ಜಾಗ ಬದಲಿಸುತ್ತಾ ಹೋಗುತ್ತದೆ. ಮೇಲಿನ ಸ್ವರ ಅದೇ ಇದ್ದರೂ ಕೆಳಗಿನ ನೆಲ ಸರಿದಾಗ ಅದರ ಭಾವ ಬದಲಾಗುತ್ತದೆ. ಆ ತೇಲುವ ರಾಜ್ಯಕ್ಕೆ ಅದು ಸರಿಯಾಗಿ ಹೊಂದುತ್ತದೆ, ಅಲ್ವಾ? ಸಿತಾರ್ ಟೋನಿನಲ್ಲಿ ಗಮಕವನ್ನೂ ಹುಡುಕಬೇಡಿ. ಬಿಡಿ ಬಿಡಿ ಸ್ವರಗಳನ್ನು ಜೋಡಿಸಿದ್ದಾರೆ. ನಮ್ಮ ಆರ್ಕೆಸ್ಟ್ರಾ ಕೀಬೋರ್ಡ್‌ಗಳಲ್ಲಿ ಬರುತ್ತಿದ್ದ ಸಿತಾರ್ ಟೋನೂ ಹಾಗೇ ಇತ್ತು. ಹಿಂದೂಸ್ತಾನಿಯವರು ಮುಖ ಸಿಂಡರಿಸುತ್ತಿದ್ದರು, ಭಾವಗೀತೆಯ ಇಂಟರ್‌ಲೂಡಿಗೆ ಮಾತ್ರ ಬೇಕಾಗುತ್ತಿತ್ತು.

ಪಾಠ ಯಾಕೆ ಕೆಡುತ್ತದೆ? ಕಿವಿಯಿಂದ ಕೇಳಿ ತಂತಿಗೆ ತರುತ್ತಿದ್ದಾನೆ ಅಂದರೆ ನೀವು ಸಂತೋಷಪಡಬೇಕು. ಒಂದು ಕೆಲಸ ಮಾಡಿಸಿ. ಟ್ಯೂನನ್ನು ಸ್ವರ ಹಾಕಿ ಬರೆಯಲು ಹೇಳಿ, ನಿಮ್ಮ ನೋಟ್‌ಬುಕ್ಕಿನ ಪದ್ಧತಿಯಲ್ಲೇ. ಆಧಾರ ಸ್ವರ ಎಲ್ಲಿ ಅಂತ ಇಬ್ಬರೂ ಕೂತು ಜಗಳ ಆಡಿ. ಆಮೇಲೆ ಶ್ರುತಿಪೆಟ್ಟಿಗೆ ಹಾಕಿ ಅದೇ ಟ್ಯೂನ್ ನುಡಿಸಲು ಹೇಳಿ. ಕೆಲವು ಕಡೆ ಹಿತವಾಗಿರುತ್ತದೆ, ಕೆಲವು ಕಡೆ ಕಚ್ಚುತ್ತದೆ. ಕಚ್ಚುವ ಜಾಗಗಳಲ್ಲೆಲ್ಲ ಮಿತ್ಸುದಾ ಬೇಸ್ ಸರಿಸಿದ್ದಾರೆಯೇ ಅಂತ ಮೂಲ ಹಾಕಿ ಕೇಳಿಸಿ. ನಿಮ್ಮ ಮಗನಿಗೆ ಎರಡೂ ಸಂಗೀತ ಒಂದೇ ಸಂಜೆಗೆ ಗೊತ್ತಾಗುತ್ತದೆ. ವರ್ಣ ಮುಗಿದ ಮೇಲೆ ಮಾಡಿಸಿ, ಮೊದಲೇ ಬೇಡ.

ಪ್ರಶ್ನೆ: ಗೇಮ್ ಆಡುವಾಗ ನಾನು ಮ್ಯೂಸಿಕ್ ಆಫ್ ಮಾಡಿ ನನ್ನಿಷ್ಟದ ಸಿನಿಮಾ ಹಾಡು ಹಾಕಿಕೊಳ್ಳುತ್ತೇನೆ. ಗೆಳೆಯರು ಬೈಯುತ್ತಾರೆ. ತಪ್ಪೇ?
– ಹುಬ್ಬಳ್ಳಿ ಓದುಗ

ಉತ್ತರ: ತಪ್ಪೇನಿಲ್ಲ ಮಾರಾಯರೇ, ಆಟ ನಿಮ್ಮದು, ಕಿವಿ ನಿಮ್ಮದು. ದುಡ್ಡು, ಅನುಭವದ ಪಾಯಿಂಟ್ ಕೂಡಿಸಲು ಗಂಟೆಗಟ್ಟಲೆ ಅದೇ ಕಾಡಿನಲ್ಲಿ ಅದೇ ಶತ್ರುವನ್ನು ಹೊಡೆಯುವಾಗ ನಾನೂ ಹಳೇ ಹಾಡು ಹಾಕಿಕೊಳ್ಳುತ್ತೇನೆ. ಆದರೆ ಹೊಸ ಊರಿಗೆ ಮೊದಲ ಸಲ ಕಾಲಿಡುವಾಗ ಆನ್ ಮಾಡಿ. ಫೈನಲ್ ಫ್ಯಾಂಟಸಿ 6 ಆಡುವವರಾದರೆ ಆಪೆರಾ ಬರುವ ಮುಂಚೆ ಖಂಡಿತ ಆನ್ ಮಾಡಿ. ಇನ್ನೊಂದು, ಹಾಡು ಆಫ್ ಮಾಡಿದರೂ ಸೌಂಡ್ ಎಫೆಕ್ಟ್ ಆಫ್ ಮಾಡಬೇಡಿ. ಸೆಟ್ಟಿಂಗಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಪಟ್ಟಿ ಇರುತ್ತದೆ. ಬೆನ್ನ ಹಿಂದೆ ಯಾರು ಬಂದರು ಅಂತ ಎಷ್ಟೋ ಸಲ ಮೊದಲು ಹೇಳುವುದು ಕಾಲಸಪ್ಪಳವೇ.